ಅಂಟು ಜಡ್ಡು

"ಆ ಬ್ಯಾರಲ್ ಮುಟ್ಟೀರಿ ಅಂದ್ರ ನಾ ಸುಮ್ಮನಿರಾಕಿ ಅಲ್ಲ!"

ಮೇಘಾ ಓಡಿ ಬಂದು ನೀಲಿ ಬ್ಯಾರಲ್‌ಗೆ ಬೆನ್ನು ಕೊಟ್ಟು ನಿಂತಳು. ಏದುಸಿರು ಬರುತ್ತಿತ್ತು. ಕೈಯಲ್ಲಿ ಇನ್ನೂ ಲಾಳಿ ಇತ್ತು. ಮಗ್ಗದಿಂದ ಎದ್ದು ಬರುವ ಅವಸರದಲ್ಲಿ ಅದನ್ನು ಕೆಳಗಿಡುವುದನ್ನೇ ಮರೆತಿದ್ದಳು.

ಎದುರಿಗಿದ್ದವನು ಎರಡು ಹೆಜ್ಜೆ ಹಿಂದೆ ಸರಿದ. ಬಿಸಿಲಿಗೆ ಕಪ್ಪಾದ ಮುಖ, ಕೊರಳಲ್ಲಿ ಗುರುತಿನ ಕಾರ್ಡು, ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಉದ್ದ ಹಿಡಿಕೆಯ ಬಿಳಿ ಸೌಟು. ಮನೆ ಮನೆಗೆ ಹೋಗಿ ಸೊಳ್ಳೆಯ ಮರಿ ಹುಡುಕುವ ಕೆಲಸ ಅವನದು.

"ಅಕ್ಕಾರ, ಇದರಾಗ ಲಾರ್ವಾ ಅದಾವು. ಚೆಲ್ಲಬೇಕಾಗತೈತಿ."

"ಯಾರಿಗ್ರಿ ಅಕ್ಕಾರ ಅನ್ನೂದು? ನಳಾ ಬಂದು ಹನ್ನೆರಡು ದಿನ ಆತು. ಮತ್ತ ಯಾವಾಗ ಬರತೈತೋ ಗೊತ್ತಿಲ್ಲ. ಈಗ ಚೆಲ್ಲಿದ್ರ ನೀವು ಹೊತ್ತ ತಂದು ತುಂಬಸ್ತೀರೇನು?"

ಅವನು ಅವಳ ಪಕ್ಕದಿಂದ ಕೈ ಚಾಚಿ ಒಂದು ಸೌಟು ನೀರು ಮೊಗೆದು ಅವಳ ಕಣ್ಣೆದುರಿಗೆ ಹಿಡಿದ. ಬಿಳಿ ಸೌಟಿನಲ್ಲಿ ನೂಲಿನ ತುಣುಕಿನಷ್ಟು ಸಣ್ಣ ಹುಳುಗಳು ತಲೆಕೆಳಗಾಗಿ ತೂಗುತ್ತಿದ್ದವು. ಒಂದು ಪಟಕ್ಕನೆ ಮಡಚಿಕೊಂಡು ತಳಕ್ಕಿಳಿಯಿತು.

ಮೇಘಾಳ ಜೀವ ಝಲ್ಲೆಂದಿತು! ಓದುಗರೇ, ನಮ್ಮ ಮೇಘಾ ಬಾಯಿ ಮಾಡುವುದರಲ್ಲಿ ಎಷ್ಟು ಜೋರೋ ಅಂಜುವುದರಲ್ಲೂ ಅಷ್ಟೇ ಜೋರು. ಹಲ್ಲಿ ಕಂಡರೆ ಓಣಿಗೆ ಕೇಳುವಂತೆ ಕಿರುಚುತ್ತಾಳೆ. ಗುಡುಗಿದರೆ ಮಗ್ಗ ಬಿಟ್ಟು ಹೋಗಿ ಅವ್ವನ ಸೆರಗು ಹಿಡಿಯುತ್ತಾಳೆ. ವಯಸ್ಸು ಮಾತ್ರ ಇಪ್ಪತ್ತನಾಲ್ಕು.

"ಇವು... ಇವು ಕಚ್ಚತಾವೇನ್ರಿ?"

"ಇವು ಕಚ್ಚೂದಿಲ್ಲ. ರೆಕ್ಕಿ ಬಂದ ಮ್ಯಾಲೆ ಕಚ್ಚತಾವು." ಅವನ ತುಟಿಯಲ್ಲಿ ಸಣ್ಣ ನಗು ಸುಳಿಯಿತು. "ಆತು, ಚೆಲ್ಲೂದು ಬ್ಯಾಡ. ಸೋಸೂಣು. ಒಂದು ತೆಳ್ಳನ ಅರಿವಿ ಕೊಡ್ರಿ."

ಅಂದಂತೆ ಮಾಡಿಯೇಬಿಟ್ಟ! ಕೊಡದಿಂದ ಕೊಡಕ್ಕೆ ನೀರು ಸೋಸಿದ. ಬ್ಯಾರಲ್‌ನ ಒಳಗೋಡೆಗೆ ಅಂಟಿದ್ದ ತತ್ತಿಗಳು ಹೋಗುವಂತೆ ನಾರಿನಿಂದ ತಿಕ್ಕಿದ. ಮತ್ತೆ ನೀರು ತುಂಬಿ ಬಾಯಿಗೆ ಬಟ್ಟೆ ಬಿಗಿದ. ಮುಗಿಯುವ ಹೊತ್ತಿಗೆ ಅಂಗಿ ಪೂರ್ತಿ ತೊಯ್ದು ಹೋಗಿತ್ತು. ಒಂದು ಹನಿ ನೀರೂ ಹಾಳಾಗಿರಲಿಲ್ಲ.

"ಬ್ಯಾರೆ ಎಲ್ಲೆರ ನೀರು ಇಟ್ಟೀರೇನ್ರಿ?"

ಇತ್ತು. ಮಗ್ಗದ ಪಕ್ಕದಲ್ಲಿ, ಲಾಳಿಗೆ ಹಾಕುವ ನೂಲಿನ ಕಂಡಿಕೆ ನೆನೆಸುವ ಮಣ್ಣಿನ ಗಡಿಗೆ. ಇವನು ಅದಕ್ಕೂ ಕೈ ಹಾಕಿದರೆ ಇವತ್ತಿನ ನೇಯ್ಗೆ ನಿಂತುಹೋಗುತ್ತದೆ ಅನ್ನಿಸಿತು ಅವಳಿಗೆ.

"ಇಲ್ರಿ," ಅಂದಳು.

ಸುಳ್ಳು ಸಣ್ಣದೇ ಇತ್ತು.

* * *

ಅವನ ಹೆಸರು ಸುನಿಲಕುಮಾರ. ಊರು ಶಿರಹಟ್ಟಿ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಗುತ್ತಿಗೆಯ ಮೇಲೆ ಈ ಕೆಲಸಕ್ಕೆ ಸೇರಿದ್ದ. ಪ್ರತಿ ಶುಕ್ರವಾರ ಬೆಟಗೇರಿಯ ಈ ಓಣಿ ಅವನ ಪಾಲಿಗೆ.

ಎಲ್ಲ ಮನೆಯಲ್ಲೂ ಐದು ನಿಮಿಷ ನಿಲ್ಲುವವನು ಮೇಘಾಳ ಮನೆಯಲ್ಲಿ ಮಾತ್ರ ಅರ್ಧ ತಾಸು ಕೂರುತ್ತಿದ್ದ. ಚಹಾ ನೆಪ! ಅವಳ ಅವ್ವ ಯಮನವ್ವನಿಗೂ ಹುಡುಗ ಹಿಡಿಸಿದ್ದ. "ಭಾಳ ಶಾಣ್ಯಾ ಅದಾನ, ಸಮಾಧಾನದಾಂವ," ಎಂದು ಹೇಳಿಕೊಂಡು ತಿರುಗುತ್ತಿದ್ದಳು.

ಅವನು ಕೂರುತ್ತಿದ್ದುದು ಮಗ್ಗದ ಪಕ್ಕದ ಮಣೆಯ ಮೇಲೆ. ಗಡಿಗೆಯ ಮೇಲೆ ಮೇಘಾ ಹಳೆಯ ಗೋಣಿತಟ್ಟು ಹೊದಿಸಿ ಮುಚ್ಚಿಟ್ಟಿರುತ್ತಿದ್ದಳು. ಮೊದಲ ದಿನ ಇಲ್ಲ ಅಂದಾಗಿತ್ತು, ಈಗ ಇದೆ ಅನ್ನಲು ನಾಚಿಕೆ.

ಒಂದು ಶುಕ್ರವಾರ ಅವಳೇ ಸೊಳ್ಳೆಯ ಮಾತು ತೆಗೆದಳು. "ಇಷ್ಟೀಟು ಗುಂಗಾಡ ಕಚ್ಚಿದ್ರ ಗಟ್ಟಿಮುಟ್ಟಾದ ಮನುಷ್ಯಾ ಹೆಂಗ ಸಾಯತಾನ್ರಿ?"

ಸುನಿಲಕುಮಾರ ಕಪ್ಪು ಕೆಳಗಿಟ್ಟ. ಸೊಳ್ಳೆ ಹೊತ್ತು ತರುವ ಡೆಂಗಿ ವೈರಸ್ಸಿನ ಮಾತು ಬಂದರೆ ಅವನ ಮುಖವೇ ಬದಲಾಗುತ್ತಿತ್ತು.

"ನಮ್ಮ ಮೈಯಾಗ ಕೋಟಿಗಟ್ಟಲೆ ಜೀವಕೋಶ ಅದಾವಲ್ರಿ, ಒಂದೊಂದೂ ಒಂದು ಮನಿ ಅಂತ ತಿಳಕೋರಿ. ಹೊರಗೋಡಿ ತುಂಬ ಸಣ್ಣ ಸಣ್ಣ ಗೂಟ ಇರತಾವು. ಬೇಕಾದ ಸಾಮಾನು ಬಂದು ಗೂಟಕ್ಕ ಹತ್ತಿದ್ರ ಮನಿ ಅದನ್ನ ಒಳಗ ತಗೋತೈತಿ."

"ಮತ್ತ ವೈರಸ್?"

"ಅದಕ್ಕ ಕೈಯಿಲ್ಲ, ಕಾಲಿಲ್ಲ. ಸೊಳ್ಳಿ ಕಚ್ಚಿದಾಗ ಜೊಲ್ಲಿನ ಕೂಡ ಮೈಯೊಳಗ ಬರತೈತಿ. ಬಂದು ಆ ಗೂಟಕ್ಕ ಅಂಟಿಕೋತೈತಿ. ಮನಿ ಪಾಪ, ತನಗ ಬೇಕಾದ್ದ ಏನೋ ಬಂತು ಅಂತ ತಿಳದು, ಒಂದು ಚೀಲದಾಗ ಸುತ್ತಿ ಒಳಗ ಎಳಕೋತೈತಿ."

ಮೇಘಾಳ ಕೈ ಮಗ್ಗದ ಮೇಲೆ ನಿಂತಿತು. "ತಾನಾಗೇ ಎಳಕೋತೈತಿ?"

"ಹೂಂ. ಬಾಗಲಾ ಒಡದು ಬರೂದಿಲ್ಲ ಅದು. ನಾವ ಕರಕೋತೀವಿ. ಒಳಗ ಹೋದಂಗ ಆ ಚೀಲ ಹುಳಿ ಆಗತೈತಿ. ಇದು ಆ ಹುಳಿಗೇ ಕಾದಿರತೈತಿ. ಹುಳಿ ತಾಗಿದ ಕೂಡಲೆ ಅದರ ಮ್ಯಾಲಿನ ಹೊದಿಕಿ ಆಕಾರ ಬದಲ ಮಾಡಿ, ಚೀಲದ ಕೂಡ ಬೆರತು, ತೂತು ಮಾಡಿ, ತನ್ನೊಳಗಿನ ಒಂದ ಒಂದು ಎಳಿ ಹೊರಗ ಬಿಡತೈತಿ."

"ಆ ಎಳ್ಯಾಗ ಏನಿರತೈತಿ?"

"ತನ್ನಂಥಾವನ್ನ ಮತ್ತ ಹೆಂಗ ಮಾಡೂದು ಅನ್ನೂದು ಇರತೈತಿ. ಮನಿ ತನ್ನ ಕೆಲಸ ಬಿಟ್ಟು ಅದರ ಚಾಕರಿಗೆ ನಿಲ್ಲತೈತಿ."

ಮೇಘಾ ಮೆಲ್ಲಗೆ ಅಂದಳು, "ಮಗ್ಗ ನಮ್ಮದು... ನೇಯೂದು ಅದರ ಸೀರಿ."

"ಅಯ್ಯ! ಇಷ್ಟು ಚೊಲೋ ಹೇಳಾಕ ನಮ್ಮ ಪ್ರೊಫೆಸರಿಗೂ ಬರತಿರಲಿಲ್ಲ ನೋಡ್ರಿ!"

ಅವನು ನಕ್ಕ. ಅವಳು ನಗಲಿಲ್ಲ. ಕಳ್ಳ ಬಂದರೆ ಕೂಗಬಹುದು. ನಾವೇ ಬಾಗಿಲು ತೆಗೆದು ಒಳಗೆ ಕರೆದುಕೊಂಡರೆ ಯಾರನ್ನು ಕೂಗುವುದು?

ಅಡುಗೆಮನೆಯಿಂದ ಯಮನವ್ವ ಇಣುಕಿದಳು. "ಏನಂದಿ ತಮ್ಮಾ? ಅಂಟಿಕೋತೈತಿ? ಅಂದ್ರ ಇದೂ ಅಂಟು ಜಡ್ಡ ಅನ್ನು!"

ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಮೇಲಿನ ಸಾಹೇಬರು. ಎದ್ದು ಚಪ್ಪಲಿ ಹಾಕಿಕೊಳ್ಳುತ್ತಲೇ, ಯಮನವ್ವನ ಮಾತಿನ ಅರ್ಧ ಕೇಳಿ ಅರ್ಧ ಬಿಟ್ಟು, "ಹೌದ ಯವ್ವಾ, ಒಮ್ಮೆ ಅಂಟಿಕೊಂತಂದ್ರ ಮುಗೀತು!" ಅಂದ.

ಆ ಒಂದು ಮಾತು ಆ ಮನೆಯಲ್ಲಿ ಏನು ಮಾಡಿತು ಎಂಬುದು ಆಗ ಅವನಿಗೆ ತಿಳಿಯಲೇ ಇಲ್ಲ. ಅವನು ಅಂದದ್ದು ಜೀವಕೋಶದ ಗೂಟಕ್ಕೆ ಅಂಟುವುದನ್ನು. ಇವರಿಬ್ಬರು ಕೇಳಿಸಿಕೊಂಡದ್ದು ಮನುಷ್ಯನಿಂದ ಮನುಷ್ಯನಿಗೆ ಅಂಟುವುದನ್ನು.

ಬಾಗಿಲಲ್ಲಿ ಅವನು ತಿರುಗಿ ನಿಂತ. ಸಣ್ಣ ದನಿಯಲ್ಲಿ ಹೇಳಿದ, "ಮೇಘಾ ಅವ್ರ... ಮುಂದಿನ ಶುಕ್ರವಾರ ನಿಮಗೊಂದು ಮಾತು ಕೇಳೂದೈತಿ. ಸೊಳ್ಳಿ ಮಾತಲ್ಲ."

* * *

ಮುಂದಿನ ಶುಕ್ರವಾರ ಮೇಘಾ ಹಸಿರು ಚೂಡಿದಾರ ಹಾಕಿಕೊಂಡು, ಮೂರು ಸಲ ಕನ್ನಡಿ ನೋಡಿ ಕಾದಳು. ಬಂದವನು ಸುನಿಲಕುಮಾರನ ಜೊತೆಗಾರ ಅತಾವುಲ್ಲಾ, ಲಕ್ಷ್ಮೇಶ್ವರದವನು. ಯಾವಾಗಲೂ ಹಲ್ಲು ಕಿಸಿಯುವವನು ಇವತ್ತು ಮುಖ ಸಣ್ಣ ಮಾಡಿಕೊಂಡಿದ್ದ.

"ಅವ್ರು ಬರಲಿಲ್ಲೇನ್ರಿ?"

"ಸುನಿಲ್ಯಾ ದವಾಖಾನ್ಯಾಗ ಅದಾನ ತಂಗಿ. ಡೆಂಗಿ. ಸೋಮವಾರದಿಂದ ಮೈ ಸುಡಾಕತ್ತೈತಿ. ಹೋಗಿ ಒಂದ ಸಲ ಮಾತಾಡ್ಸಿ ಬಾ. ಬಾಗಲಾ ನೋಡಕೋತ ಮಲಗ್ಯಾನ."

ಅತಾವುಲ್ಲಾ ಮನೆಯೊಳಗೆ ಬ್ಯಾಟರಿ ಹಾಯಿಸುತ್ತ ಮಗ್ಗದ ಹತ್ತಿರ ಹೋದ. ತಟ್ಟು ಸರಿಸಿದ. ಸೌಟು ಇಳಿಸಿ ಎತ್ತಿದ.

"ಇದರಾಗ ತುಂಬ್ಯಾವಲ್ಲ ತಂಗಿ! ಈ ಗಡಿಗಿ ಯಾವಾಗಿನಿಂದ ಐತಿ?"

ಅವಳ ಕಣ್ಣು ಕೆಳಗೆ ಹೋಯಿತು. ಸುನಿಲಕುಮಾರ ಪ್ರತಿ ವಾರ ಅರ್ಧರ್ಧ ತಾಸು ಕೂತಿದ್ದ ಮಣೆ ಅಲ್ಲೇ ಇತ್ತು, ಗಡಿಗೆಗೆ ಒತ್ತಿಕೊಂಡು. ನಾನೇ... ನಾನೇ ಅವನಿಗೆ ಜಡ್ಡು ಹಚ್ಚಿದೆ!

ಅತಾವುಲ್ಲಾ ಗಡಿಗೆ ಬರಿದು ಮಾಡಿ ಹೋದ ಕೂಡಲೇ ಮೇಘಾ ದುಪಟ್ಟಾ ಎಳೆದುಕೊಂಡಳು. ಯಮನವ್ವ ಬಾಗಿಲಿಗೆ ಅಡ್ಡ ಬಂದಳು.

"ಎಲ್ಲಿಗೆ? ಅಂಟು ಜಡ್ಡು ಅದು! ಅಂವನ ಹೇಳ್ಯಾನ. ನಿಮ್ಮಪ್ಪಂದು ಮರತಿ ಏನು?"

ಮರೆಯುವುದೇ? ಕೊರೊನಾದ ಎರಡನೇ ಅಲೆಯಲ್ಲಿ ಅಪ್ಪ ವಿಠೋಬಾ ಒಳಕೋಣೆಯಲ್ಲಿ ಮಲಗಿದ್ದ. "ನೀರು ಕೊಡ ಮಗಳ," ಅಂದಿದ್ದ. ಮೇಘಾ ಹೊಸ್ತಿಲ ಹೊರಗೆ ನಿಂತು, ನೀರಿನ ಲೋಟವನ್ನು ನೆಲದ ಮೇಲಿಟ್ಟು, ಮಗ್ಗದ ಕೋಲಿನಿಂದ ಅವನ ಕಡೆ ದೂಡಿದ್ದಳು. ಅಪ್ಪ ಕೋಲನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಮರುದಿನ ಬೆಳಿಗ್ಗೆ ಅಂಬ್ಯುಲೆನ್ಸ್ ಬಂತು. ಅವನ ಮುಖ ಮತ್ತೆ ಕಾಣಲಿಲ್ಲ.

ಅವಳು ಬಾಗಿಲಲ್ಲೇ ಕುಸಿದು ಕೂತಳು.

ಆ ದಿನ ಹೋಗಲಿಲ್ಲ. ಶನಿವಾರವೂ ಹೋಗಲಿಲ್ಲ. ತನ್ನ ಹಣೆಯನ್ನು ತಾನೇ ಹತ್ತು ಸಲ ಮುಟ್ಟಿ ನೋಡಿಕೊಂಡಳು. ಕಿವಿಯ ಹತ್ತಿರ ಗುಂಯ್ ಎಂದರೆ ಬೆಚ್ಚಿ ಏಳುತ್ತಿದ್ದಳು. ಅಂಜಿಕೆ ಒಂದು ಕಡೆ ಎಳೆದರೆ ಅವನ ಮುಖ ಇನ್ನೊಂದು ಕಡೆ ಎಳೆಯುತ್ತಿತ್ತು...

ಶನಿವಾರ ಮಧ್ಯಾಹ್ನ ಫೋನಿಗೆ ಅವನ ಸಂದೇಶ ಬಂತು. "ಬರೂದಿಲ್ಲೇನ್ರಿ?"

ಅವಳು ಬರೆದಳು, ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ನಿಮ್ಮ ಜಡ್ಡಿಗೆ ಅಂಜಿ ಬರಲಿಲ್ಲ ಎಂದು ಯಾವ ಬಾಯಿಂದ ಹೇಳುವುದು?

ಒಂದು ತಾಸಿನ ಮೇಲೆ ಇನ್ನೊಂದು ಬಂತು. "ಇರಲಿ ಬಿಡ್ರಿ. ಕೇಳೂಕಿಂತ ಮೊದಲ ಉತ್ತರಾ ಸಿಕ್ತು."

ಮೇಘಾ ಫೋನನ್ನು ಎದೆಗೊತ್ತಿಕೊಂಡು ಗೋಡೆಯ ಕಡೆ ತಿರುಗಿ ಅತ್ತಳು.

* * *

ರವಿವಾರ ಬೆಳಿಗ್ಗೆ ಅತಾವುಲ್ಲಾನ ಫೋನ್.

"ತಂಗಿ, ಜ್ವರ ಇಳದೈತಿ..."

"ಹೌದಾ? ದೇವರ ದೊಡ್ಡಾಂವ!"

"ಖುಷಿ ಪಡಬ್ಯಾಡವಾ. ಈ ಜಡ್ಡಿನಾಗ ಜ್ವರ ಇಳದ ಮ್ಯಾಲಿನ ಎರಡು ದಿನಾನ ಖರೆ ಧೋಕಾ ಅಂತ ಡಾಕ್ಟರು ಹೇಳ್ಯಾರ. ಬಿ.ಪಿ. ಇಳಿಯಾಕತ್ತೈತಿ. ಹೊಟ್ಟಿ ಹಿಡಕೊಂಡು ಒದ್ದಾಡತಾನ. ಒಸಡಿನಾಗ ರಕ್ತ... ನನಗ ಅಂಜಿಕಿ ಆಗಾಕತ್ತೈತಿ."

ಮೇಘಾ ಫೋನ್ ಇಟ್ಟಳು. ಮುಖ ತೊಳೆದಳು. ತಲೆ ಬಾಚಿದಳು. ಅವ್ವನ ಎದುರಿಗೆ ಬಂದು ನಿಂತಳು.

"ಯವ್ವಾ, ಮಗ್ಗದ ಮ್ಯಾಲಿನ ಸೀರಿ ಇನ್ನ ಒಂದೂವರಿ ಮೊಳ ಉಳದೈತಿ. ನಾ ತಿರುಗಿ ಬರಲಿಲ್ಲಂದ್ರ ಪಕ್ಕದ ಮನಿ ಕಾಕಾನ ಕಡೆ ಮುಗಸು. ಸೆರಗಿನ ಎಳಿ ತಪ್ಪಬಾರದು ಅಂತ ಹೇಳು."

"ಏನ ಹುಚ್ಚಿ, ಏನ ಮಾತಿವು!"

"ನಾ ಹೊಂಟೀನಿ."

"ಅಂಟಿದ್ರ?"

"ಅಂಟಲಿ."

ಯಮನವ್ವ ಅವಳ ರಟ್ಟೆ ಹಿಡಿದಳು. ಮೇಘಾ ಬಿಡಿಸಿಕೊಳ್ಳಲಿಲ್ಲ, ನಿಂತಲ್ಲೇ ಅತ್ತಳು. "ಅಪ್ಪಗ ಕೋಲಿನಿಂದ ನೀರು ಕೊಟ್ಟೆ ಯವ್ವಾ. ಇವತ್ತು ಇವ್ರಿಗೂ ಕೋಲು ಹಿಡೀಲೇನು? ಒಂದ ಸಲ ಅಂಜಿದ್ದು ಸಾಕು ನನಗ."

ಯಮನವ್ವನ ಹಿಡಿತ ಸಡಿಲಾಯಿತು. ಅವಳು ಗೂಟದಿಂದ ಚೀಲ ತೆಗೆದು, ಅದರಲ್ಲಿ ಒಂದು ಬಾಟಲಿ ನೀರು, ಎರಡು ಎಳನೀರು ಇಟ್ಟು ಮಗಳ ಕೈಗೆ ಕೊಟ್ಟಳು.

* * *

ಮೇಘಾ ದವಾಖಾನೆಯ ಮೆಟ್ಟಿಲು ಹತ್ತಿದಳು. ವಾರ್ಡಿನ ಬಾಗಿಲಿಗೆ ಬಂದವಳು ಅಲ್ಲೇ ನಿಂತುಬಿಟ್ಟಳು.

ಸಾಲಿಗೆ ಆರು ಮಂಚ. ಆರೂ ಮಂಚದ ಮೇಲೆ ಸೊಳ್ಳೆ ಪರದೆ ಇಳಿಬಿಟ್ಟಿತ್ತು. ಒಳಗೆ ಒಬ್ಬೊಬ್ಬ ಮನುಷ್ಯ. ಅಯ್ಯೋ, ಎಲ್ಲರನ್ನೂ ಬೇರೆ ಬೇರೆ ಮುಚ್ಚಿ ಇಟ್ಟಿದ್ದಾರೆ! ಅಂಟು ಜಡ್ಡು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

"ಯಾರನ್ನ ನೋಡಬೇಕಿತ್ರಿ?" ನರ್ಸ್ ಮಾಸುಮಬಿ ಕೇಳಿದಳು. ಮೇಘಾ ಹೆಸರು ಹೇಳಿದಳು. "ಕೊನೀ ಮಂಚ. ಪರದಿ ಮಾತ್ರ ತೆರದಿಡಬ್ಯಾಡ್ರಿ."

ಮೇಘಾ ಒಂದೊಂದೇ ಹೆಜ್ಜೆ ಇಟ್ಟಳು. ಪರದೆಯ ಒಳಗಿನ ಮುಖ ಅವಳಿಗೆ ಮೊದಲು ಗುರುತೇ ಸಿಗಲಿಲ್ಲ. ಕಣ್ಣು ಒಳಗೆ ಹೋಗಿದ್ದವು, ತುಟಿ ಒಡೆದಿತ್ತು. ಕೈಗೆ ಸಲೈನ್ ಏರುತ್ತಿತ್ತು.

ಸುನಿಲಕುಮಾರ ನೋಡಿದ. ಒಂದು ಕ್ಷಣ ಕಣ್ಣು ಹೊಳೆದವು. ಮರುಕ್ಷಣ ಮುಖ ಆ ಕಡೆ ತಿರುಗಿಸಿದ.

"ಯಾಕ ಬಂದ್ರಿ? ಕರುಣಾ ಬಂತೇನು?"

ಅವಳು ಉಸಿರು ಬಿಗಿಹಿಡಿದು ಪರದೆ ಎತ್ತಿದಳು. ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ಅದು ಬೆವೆತು ತಣ್ಣಗಿತ್ತು. ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ತಲೆಯಿಂದ ಪಾದದವರೆಗೆ ನಡುಗುತ್ತಿದ್ದಳು, ಆದರೆ ಹಿಡಿದ ಕೈ ಬಿಡಲಿಲ್ಲ.

ಅವನು ಗಾಬರಿಯಾದ. "ಮೇಘಾ... ಯಾಕ ಹಿಂಗ ನಡಗಾಕತ್ತೀರಿ?"

"ಬರಾಕತ್ತೈತೇನೋ... ಗೊತ್ತಿಲ್ಲ."

"ಏನು?"

"ನಿಮ್ಮ ಜಡ್ಡು. ಅಂಟಲಿ. ಇಬ್ಬರಿಗೂ ಆದ್ರ ಇಬ್ಬರಿಗೂ ಆಗಲಿ."

ಸುನಿಲಕುಮಾರ ಅವಳನ್ನೇ ನೋಡಿದ. ಏನೂ ಅರ್ಥವಾಗಲಿಲ್ಲ. "ಇದು ಹಿಂಗ ಅಂಟೂದಿಲ್ಲಲ್ರಿ. ಇದೇನ ಅಂಟು ಜಡ್ಡಲ್ಲ. ಯಾರು ಹೇಳಿದ್ರು ನಿಮಗ?"

ಅವಳು ಫಕ್ಕನೆ ಕಣ್ಣು ಬಿಟ್ಟಳು. "ನೀವ! ಅವ್ವ ಕೇಳಿದ್ಲು, ನೀವ ಹೌದು ಅಂದ್ರಿ. ಒಮ್ಮೆ ಅಂಟಿಕೊಂತಂದ್ರ ಮುಗೀತು ಅಂತ!"

"ಅಯ್ಯ... ಅದು ಜೀವಕೋಶಕ್ಕ ಅಂಟೂ ಮಾತು! ಕೈ ಹಿಡದ್ರ, ಮಗ್ಗಲದಾಗ ಕುಂತ್ರ ಬರೂದಿಲ್ಲ. ನಡುವ ಸೊಳ್ಳಿ ಬೇಕು."

"ಮತ್ತ ಈ ಪರದಿ?"

"ಸೊಳ್ಳಿ ನನ್ನ ಕಚ್ಚಿ, ಹೋಗಿ ಮಂದೀನ ಕಚ್ಚಬಾರದು ಅಂತ."

"ಎರಡು ದಿನ ನಾ ಸತ್ತ ಸತ್ತ ಬದಕೀನ್ರಿ!" ಮೇಘಾಳಿಗೆ ಸಿಟ್ಟು, ಅಳು, ನಾಚಿಕೆ ಎಲ್ಲ ಒಟ್ಟಿಗೇ ಬಂತು. "ಸೀರಿ ಯಾರು ಮುಗಸಬೇಕು ಅಂತನೂ ಅವ್ವಗ ಹೇಳಿ ಬಂದೀನಿ!"

ಅವನು ನಗಲು ಹೋದ. ನಗು ಅರ್ಧಕ್ಕೆ ನಿಂತಿತು. ಅವಳು ಹೇಳಿದ್ದು ಈಗ ಅವನ ತಲೆಗೆ ಇಳಿದಿತ್ತು.

"ಅಂದ್ರ... ಮುಟ್ಟಿದ್ರ ನಿಮಗೂ ಬರತೈತಿ ಅಂತ ತಿಳಕೊಂಡಿದ್ರಿ?"

ಅವಳು ತಲೆಯಾಡಿಸಿದಳು.

"ಸಾಯಬಹುದು ಅಂತನೂ?"

ಮತ್ತೆ ತಲೆಯಾಡಿಸಿದಳು.

"ತಿಳಕೊಂಡೂ ಬಂದ್ರಿ..."

ಸುನಿಲಕುಮಾರನ ಕಣ್ಣಿನಿಂದ ನೀರು ಕಿವಿಯ ಕಡೆ ಹರಿಯಿತು. ಒರೆಸಿಕೊಳ್ಳಲು ಒಂದು ಕೈಯಲ್ಲಿ ಸಲೈನ್ ಇತ್ತು, ಇನ್ನೊಂದು ಅವಳ ಕೈಯಲ್ಲಿತ್ತು. ಅವಳೇ ದುಪಟ್ಟಾದ ತುದಿಯಿಂದ ಒರೆಸಿದಳು.

"ನಂದೊಂದು ತಪ್ಪೈತ್ರಿ," ಅಂದಳು ತಲೆ ತಗ್ಗಿಸಿ. "ಮಗ್ಗದ ಕಡೆ ಒಂದು ಗಡಿಗಿ ಇತ್ತು. ನಿಮಗ ಸುಳ್ಳು ಹೇಳಿದ್ದೆ. ಅದರಾಗ..."

"ಅತಾವುಲ್ಲಾ ಹೇಳ್ಯಾನ."

"ನಿಮಗ ಗೊತ್ತಿತ್ತು? ಸಿಟ್ಟು ಬರಲಿಲ್ಲೇನು?"

"ಬಂತು. ಈಗ ಇಲ್ಲ. ದಿನಕ್ಕ ಅರವತ್ತು ಮನಿ ಅಡ್ಡಾಡತೀನಿ, ಯಾವ ಸೊಳ್ಳಿ ಕಚ್ಚಿತೋ ಯಾರಿಗೆ ಗೊತ್ತು. ಆದರ ಇನ್ನೊಮ್ಮೆ ನೀರಿನ ವಿಷಯದಾಗ ನನಗ ಸುಳ್ಳು ಹೇಳಬ್ಯಾಡ್ರಿ."

* * *

ಆ ಎರಡು ದಿನ ಮೇಘಾ ಆಯುಷ್ಯದಲ್ಲೇ ಮರೆಯಲಾರಳು. ರವಿವಾರ ಸಂಜೆ ಅವನ ಬಿ.ಪಿ. ಮತ್ತಷ್ಟು ಇಳಿಯಿತು. ಡಾಕ್ಟರು ಓಡಿ ಬಂದರು, ಸಲೈನ್ ಜೋರು ಮಾಡಿದರು, ಎಲ್ಲರನ್ನೂ ಹೊರಗೆ ಕಳಿಸಿದರು. ಅತಾವುಲ್ಲಾ ಒಂದು ಕಡೆ ಕೂತು ದುವಾ ಮಾಡುತ್ತಿದ್ದ. ಮೇಘಾ ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು. ಜಡ್ಡು ಅಂಟುವ ಅಂಜಿಕೆ ಹೋದ ಮೇಲೆ ಅವಳಿಗೆ ಉಳಿದದ್ದು ಅವನನ್ನು ಕಳೆದುಕೊಳ್ಳುವ ಅಂಜಿಕೆ ಒಂದೇ, ಅದು ಮೊದಲಿನದಕ್ಕಿಂತ ದೊಡ್ಡದಿತ್ತು.

ಸೋಮವಾರ ಅವನು ಕಣ್ಣು ತೆರೆದಾಗಲೆಲ್ಲ ಅವಳು ಪಕ್ಕದ ಸ್ಟೂಲಿನ ಮೇಲೆ ಇದ್ದಳು. ಚಮಚದಿಂದ ಎಳನೀರು ಕುಡಿಸಿದಳು.

ಮಂಗಳವಾರ ಬೆಳಿಗ್ಗೆ ಡಾಕ್ಟರು ರಿಪೋರ್ಟ್ ನೋಡಿ ಕನ್ನಡಕ ತೆಗೆದರು. "ಇನ್ನ ಅಂಜಿಕಿ ಇಲ್ಲ. ಪ್ಲೇಟ್‌ಲೆಟ್ ಏರಾಕತ್ತಾವು."

"ಹಸಿವಿ ಆಗೈತಿ," ಅಂದ ಸುನಿಲಕುಮಾರ, ಮೊದಲ ಸಲ.

ಯಮನವ್ವ ಆಗಲೇ ಗಂಜಿಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬರಲು ಇನ್ನೂ ಅರ್ಧ ಅನುಮಾನ. ಮಗಳು ಅವನ ಕೈ ಹಿಡಿದು ಕೂತದ್ದನ್ನು ನೋಡಿದಳು. ಡಬ್ಬಿಯನ್ನು ಅತಾವುಲ್ಲಾನ ಕೈಗೆ ಕೊಟ್ಟು, "ಬಾರಪ್ಪಾ, ಕೆಳಗ ಚಾ ಕುಡದು ಬರೂಣು," ಎಂದು ಅವನನ್ನೂ, ಅವನ ಕೈಯಲ್ಲಿದ್ದ ಡಬ್ಬಿಯನ್ನೂ ಎಳೆದುಕೊಂಡೇ ಹೋದಳು!

ಮೇಘಾ ಕೆಂಪಾದಳು. ಸುನಿಲಕುಮಾರ ನಕ್ಕ. ಒಡೆದ ತುಟಿ ಉರಿದಿರಬೇಕು, ಆದರೂ ನಕ್ಕ.

"ಶುಕ್ರವಾರ ಕೇಳಬೇಕಾದ ಮಾತು..." ಎಂದು ಶುರು ಮಾಡಿದ. ಮುಂದೆ ಹೋಗಲಿಲ್ಲ. ವೈರಸ್ ಬಗ್ಗೆ ತಾಸುಗಟ್ಟಲೆ ಮಾತಾಡುವವನಿಗೆ ಈಗ ನಾಲಿಗೆ ಏಳಲೊಲ್ಲದು.

ಅವಳು ಕೇಳಿಸಿಕೊಳ್ಳಲು ಪರದೆ ಎತ್ತಿ ಬಾಗಿದಳು. ಅವನು ಬಾಯಿ ತೆರೆದ, ಮುಚ್ಚಿದ. ಅವಳು ಹಾಗೇ ಬಾಗಿ ನಿಂತಿದ್ದಳು. ಪರದೆ ಅವಳ ಹೆಗಲ ಮೇಲೆ ತೆರೆದೇ ಇತ್ತು.

ಆ ಕಡೆಯಿಂದ ಮಾಸುಮಬಿ ಕೂಗಿದಳು. "ಏನ್ರೀ ಅದು! ಸೊಳ್ಳಿ ಹೊಕ್ಕಾವು! ಒಳಗ ಇರತೀರೋ, ಹೊರಗ ಇರತೀರೋ? ಎರಡರಾಗ ಒಂದು ಹೇಳ್ರಿ!"

ಸುನಿಲಕುಮಾರ ಮೇಘಾಳ ಮುಖ ನೋಡಿದ.

"ಕೇಳಬೇಕಂತಿದ್ದುದು ಅದ ಮಾತು. ಏನಂತಿ?"

ಅವನು ಅವಳಿಗೆ 'ರಿ' ಬಿಟ್ಟು ಮಾತಾಡಿದ್ದು ಅದೇ ಮೊದಲು. ಮೇಘಾ ಮಂಚದ ಅಂಚಿಗೆ ಕೂತಳು. ಕೈ ಹಿಂದೆ ಚಾಚಿ ಪರದೆಯನ್ನು ಸುತ್ತಲೂ ಹಾಸಿಗೆಯ ಕೆಳಗೆ ಸಿಕ್ಕಿಸಿದಳು.

"ಒಳಗ," ಅಂದಳು.